ಬಿಷಪ್ಪರ ಪಾಲಿನ ದೇಶ

ಮೂರು ದಶಕಗಳ ಹಿಂದಿನವರೆಗೂ ಅಂಡೋರಾ ಎಂಬ ಪುಟ್ಟ ದೇಶ ತನ್ನ ಇಬ್ಬರು ಒಡೆಯರಿಗೆ ವರ್ಷ ಬಿಟ್ಟು ವರ್ಷ ಕಪ್ಪ ಒಪ್ಪಿಸುತ್ತಿತ್ತು. ಬೆಸ ಸಂಖ್ಯೆಯ ವರ್ಷಗಳಲ್ಲಿ ಫ್ರಾನ್ಸಿನ ಅಧ್ಯಕ್ಷರಿಗೆ 960 ಫ್ರಾಂಕ್. ಸರಿ ಸಂಖ್ಯೆಯ ವರ್ಷಗಳಲ್ಲಿ ಸ್ಪೇನಿನ ಬೆಟ್ಟದೂರೊಂದರ ಕ್ಯಾಥೊಲಿಕ್ ಬಿಷಪ್ಪರಿಗೆ 460 ಪೆಸೆಟಾ. ಬಿಷಪ್ಪರ ಪಾಲಿಗೆ ಇನ್ನಷ್ಟು ಸೇರುತ್ತಿತ್ತು: ಉಪ್ಪು ಹಾಕಿ ಒಣಗಿಸಿದ ಹಂದಿತೊಡೆ, ಚೀಸ್, ಜೀವಂತ ಕೋಳಿಗಳು. ಕೊನೆಕೊನೆಗೆ ಆ 460 ಪೆಸೆಟಾಗೆ ಊರಿನ ಹೋಟೆಲಿನಲ್ಲಿ ಒಂದು ಹೊತ್ತಿನ ಒಳ್ಳೆಯ ಊಟವೂ ದಕ್ಕುತ್ತಿರಲಿಲ್ಲ. ಹಾಗಾಗಿ ಬಿಷಪ್ಪರಿಗೆ ಲಾಭವಿದ್ದದ್ದು ಹಂದಿತೊಡೆಯಲ್ಲೇ ಎನ್ನಬೇಕು. ಫ್ರಾನ್ಸಿನ ಅಧ್ಯಕ್ಷರಿಗೆ ಅದೂ ಇರಲಿಲ್ಲ.

ಆ ಬಿಷಪ್ಪರ ಧರ್ಮಪ್ರಾಂತ್ಯದ ಹೆಸರು ಉರ್ಜೆಲ್. ಪೀಠವಿರುವ ಊರು ಲಾ ಸೆವು ದುರ್ಜೆಲ್. ಕ್ಯಾಟಲೋನಿಯಾದ ಉತ್ತರದ ಅಂಚಿನಲ್ಲಿ, ಪಿರೆನೀಸ್ ಪರ್ವತಗಳ ನಡುವೆ, ಸೆಗ್ರೆ ಮತ್ತು ವಲಿರಾ ನದಿಗಳು ಕೂಡುವಲ್ಲಿ ಅದು ಕೂತಿದೆ. ಹನ್ನೆರಡು ಸಾವಿರದಷ್ಟು ಜನರಿರುವ ಊರು. 1992ರ ಬಾರ್ಸಿಲೋನಾ ಒಲಿಂಪಿಕ್ಸ್‌ನಲ್ಲಿ ರಭಸದ ನೀರಿನ ದೋಣಿ ಸ್ಪರ್ಧೆ ನಡೆದದ್ದು ಇಲ್ಲಿ ಎಂಬುದು ಕ್ರೀಡಾಪ್ರಿಯರಿಗೆ ನೆನಪಿದ್ದೀತು. ಊರಿನಿಂದ ವಲಿರಾ ನದಿಯ ಜಾಡು ಹಿಡಿದು ಮೇಲಕ್ಕೆ ಸುಮಾರು ಹತ್ತು ಕಿಲೋಮೀಟರ್ ಹೋದರೆ ಅಂಡೋರಾ ಗಡಿ. ಅಲ್ಲಿಂದಾಚೆಗಿನ 468 ಚದರ ಕಿಲೋಮೀಟರ್ ನೆಲಕ್ಕೆ, ಅಲ್ಲಿನ ಎಂಬತ್ತು ಸಾವಿರಕ್ಕೂ ಹೆಚ್ಚು ಜನರಿಗೆ ಈ ಬಿಷಪ್ ರಾಷ್ಟ್ರದ ಮುಖ್ಯಸ್ಥರು. ಒಬ್ಬರೇ ಅಲ್ಲ, ಫ್ರಾನ್ಸಿನ ಅಧ್ಯಕ್ಷರೊಂದಿಗೆ ಸಮಪಾಲಿನಲ್ಲಿ. ಒಬ್ಬ ‘ಸಹರಾಜ’ರನ್ನು ಫ್ರಾನ್ಸಿನ ಮತದಾರರು ಆರಿಸುತ್ತಾರೆ, ಇನ್ನೊಬ್ಬರನ್ನು ರೋಮಿನಲ್ಲಿ ಪೋಪ್ ನೇಮಿಸುತ್ತಾರೆ. ಅಂಡೋರಾದ ಪ್ರಜೆಗಳು ಇಬ್ಬರಲ್ಲಿ ಯಾರನ್ನೂ ಆರಿಸುವುದಿಲ್ಲ.

ಇದನ್ನು ಮಧ್ಯಯುಗದ ಪಳೆಯುಳಿಕೆ ಎಂದು ಪ್ರವಾಸಿ ಪುಸ್ತಕಗಳು ವರ್ಣಿಸುವುದುಂಟು. ಪಳೆಯುಳಿಕೆಯೇನೋ ಹೌದು. ಆದರೆ ಅದು ತಾನಾಗಿ ಉಳಿದದ್ದಲ್ಲ, ಉಳಿಸಿಕೊಂಡದ್ದು. ಉಳಿಸಿಕೊಂಡವರು ಬಿಷಪ್ಪರೂ ಅಲ್ಲ, ಫ್ರಾನ್ಸಿನ ದೊರೆಗಳೂ ಅಲ್ಲ. ಒಬ್ಬ ಒಡೆಯನ ಕೈಗೆ ಪೂರ್ತಿ ಸಿಕ್ಕಿಬೀಳುವುದಕ್ಕಿಂತ, ಪರಸ್ಪರ ನಂಬದ ಇಬ್ಬರ ನಡುವೆ ಇರುವುದೇ ಕ್ಷೇಮ ಎಂದು ಬೇಗನೆ ಕಂಡುಕೊಂಡ ಕಣಿವೆಯ ದನಗಾಹಿಗಳು, ರೈತರು.

ಉರ್ಜೆಲ್ ಪೀಠ ಅಂಡೋರಾಕ್ಕಿಂತ ಬಹಳ ಹಳೆಯದು. ಹೆಸರು ತಿಳಿದಿರುವ ಮೊದಲ ಬಿಷಪ್ ಸಂತ ಜಸ್ಟ್ 6ನೇ ಶತಮಾನದವರು. ಸ್ಪೇನನ್ನು ವಿಸಿಗೋಥ್ ದೊರೆಗಳು ಆಳುತ್ತಿದ್ದ ಕಾಲವದು. ಬೈಬಲಿನ ‘ಪರಮ ಗೀತೆ’ಗೆ ಅವರು ವ್ಯಾಖ್ಯಾನ ಬರೆದಿದ್ದರು. ಆದರೆ ಉರ್ಜೆಲ್ ಹೆಸರು ಯುರೋಪಿನ ತುಂಬ ಕೇಳಿಬಂದದ್ದು ಇಂಥ ಸಂತರಿಂದಲ್ಲ. 8ನೇ ಶತಮಾನದ ಕೊನೆಗೆ ಅಲ್ಲಿದ್ದ ಫೆಲಿಕ್ಸ್ ಎಂಬ ಬಿಷಪ್ಪರಿಂದ. ದೇವರಾಗಿ ಕ್ರಿಸ್ತ ತಂದೆಯ ಸ್ವಂತ ಮಗ, ಆದರೆ ಮನುಷ್ಯನಾಗಿ ದತ್ತುಮಗ ಎಂದು ಅವರು ವಾದಿಸಿದರು. ಮುಸ್ಲಿಂ ಆಳ್ವಿಕೆಯಲ್ಲಿದ್ದ ಟೊಲೆಡೊದ ಆರ್ಚ್‌ಬಿಷಪ್ ಎಲಿಪಾಂಡಸ್ ಕೂಡ ಇದೇ ವಾದ ಹೂಡಿದ್ದರು. ಎಲಿಪಾಂಡಸ್ ಇದ್ದದ್ದು ದೂರದಲ್ಲಿ, ಯಾರ ಕೈಗೂ ಸಿಗುವಂತಿರಲಿಲ್ಲ. ಫೆಲಿಕ್ಸ್ ಹಾಗಲ್ಲ. ಉರ್ಜೆಲ್ ಆಗಷ್ಟೇ ಫ್ರಾಂಕ್ ದೊರೆ ಶಾರ್ಲಮೇನನ ಗಡಿನಾಡಾಗಿತ್ತು.

792ರಲ್ಲಿ ಅವನು ಫೆಲಿಕ್ಸ್ ಅವರನ್ನು ರೇಗನ್ಸ್‌ಬರ್ಗಿಗೆ ಕರೆಸಿದ. ಫೆಲಿಕ್ಸ್ ತಪ್ಪೊಪ್ಪಿಕೊಂಡರು, ರೋಮಿಗೂ ಹೋಗಿ ಪೋಪರ ಮುಂದೆ ಅದನ್ನೇ ಹೇಳಿದರು, ಊರಿಗೆ ಮರಳಿ ಮತ್ತೆ ಹಳೆಯ ಪಾಠವನ್ನೇ ಶುರುಮಾಡಿದರು. 794ರ ಫ್ರಾಂಕ್‌ಫರ್ಟ್ ಸಭೆ ಈ ಬೋಧನೆಯನ್ನು ಪಾಷಂಡವಾದ ಎಂದು ಖಂಡಿಸಿತು. ದೊರೆಯ ಆಸ್ಥಾನ ವಿದ್ವಾಂಸ ಆಲ್ಕ್ವಿನ್ ಏಳು ಭಾಗಗಳ ಖಂಡನಗ್ರಂಥವನ್ನೇ ಬರೆದರು. ಕೊನೆಗೆ 799ರಲ್ಲಿ ಆಖೆನ್ ಅರಮನೆಯಲ್ಲಿ ಇಬ್ಬರನ್ನೂ ಎದುರುಬದುರು ಕೂರಿಸಿ ದಿನಗಟ್ಟಲೆ ವಾದ ನಡೆಸಲಾಯಿತು. ಫೆಲಿಕ್ಸ್ ಮತ್ತೆ ಸೋಲೊಪ್ಪಿದರು. ಈ ಸಲ ಊರಿಗೆ ಬಿಡಲಿಲ್ಲ. ಲಿಯೋನ್ ನಗರದ ಬಿಷಪ್ಪರ ಕಾವಲಿನಲ್ಲಿಟ್ಟರು. 818ರಲ್ಲಿ ಅಲ್ಲೇ ತೀರಿಕೊಂಡರು. ಒಂದು ಬೆಟ್ಟದೂರಿನ ಪಾದ್ರಿಯನ್ನು ಮಣಿಸಲು ಯುರೋಪಿನ ಅತಿ ದೊಡ್ಡ ಸಾಮ್ರಾಜ್ಯ ಇಷ್ಟು ಪಾಡುಪಟ್ಟದ್ದು ದೇವಶಾಸ್ತ್ರಕ್ಕಾಗಿ ಮಾತ್ರ ಎಂದು ನಂಬುವುದು ಕಷ್ಟ. ಗಡಿಯಾಚೆಯ ಟೊಲೆಡೊದ ಮಾತು ಕೇಳುವ ಬಿಷಪ್ ಗಡಿನಾಡಿನಲ್ಲಿ ಇರುವಂತಿರಲಿಲ್ಲ.

ಅಂಡೋರಾ ದಾಖಲೆಗಳಲ್ಲಿ ಸ್ಪಷ್ಟವಾಗಿ ಕಾಣಿಸಿಕೊಳ್ಳುವುದು ಇದಾದ ಮೇಲೆ, 9ನೇ ಶತಮಾನದಲ್ಲಿ. ಉರ್ಜೆಲ್ ಕ್ಯಾಥೆಡ್ರಲ್ಲಿನ ಪ್ರತಿಷ್ಠಾಪನಾ ಪತ್ರದಲ್ಲಿ ಪೀಠಕ್ಕೆ ಸೇರಿದ ಧರ್ಮಕೇಂದ್ರಗಳ ಉದ್ದ ಪಟ್ಟಿಯಿದೆ. ಅದರಲ್ಲಿ ಅಂಡೋರಾ ಕಣಿವೆಯ ಆರು ಹೆಸರುಗಳೂ ಇವೆ. ಆ ಆರೂ ಈಗಲೂ ದೇಶದ ಆಡಳಿತ ವಿಭಾಗಗಳು. ನಮ್ಮಲ್ಲಿ ತಾಲ್ಲೂಕು ಎನ್ನುವಂಥ ಘಟಕವನ್ನು ಅಲ್ಲಿ ಇಂದಿಗೂ ಪ್ಯಾರಿಷ್ ಎಂದೇ ಕರೆಯುತ್ತಾರೆ. ಏಳನೆಯದು ಸೇರಿದ್ದು 1978ರಲ್ಲಿ. ಚರ್ಚಿನ ಲೆಕ್ಕದ ಪುಸ್ತಕದಿಂದ ಎದ್ದು ಬಂದ ದೇಶ ಎಂದರೆ ತಪ್ಪಾಗದು.

ಧರ್ಮಾಧಿಕಾರದ ಜೊತೆಗೆ ನೆಲದ ಒಡೆತನವೂ ಬಿಷಪ್ಪರಿಗೆ ಬಂದದ್ದು 988ರಲ್ಲಿ. ಕೌಂಟ್ ಎರಡನೇ ಬೊರೆಲ್ ಅಂಡೋರಾ ಕಣಿವೆಯಲ್ಲಿ ತನಗಿದ್ದದ್ದನ್ನು ಬಿಷಪ್ ಸಲ್ಲಾ ಅವರಿಗೆ ಬಿಟ್ಟುಕೊಟ್ಟು, ಬದಲಿಗೆ ಸೆರ್ದಾನ್ಯಾ ಸೀಮೆಯಲ್ಲಿದ್ದ ಚರ್ಚಿನ ಜಮೀನು ಪಡೆದ. ಬಯಲಿನ ಫಲವತ್ತು ನೆಲ ಕೊಟ್ಟು ಹಿಮ ಬೀಳುವ ಕಣಿವೆ ತೆಗೆದುಕೊಂಡ ಈ ವಿನಿಮಯದಲ್ಲಿ ಸೋತವರು ಬಿಷಪ್ಪರೇ ಎಂದು ಆಗಿನವರಿಗೆ ಅನ್ನಿಸಿದ್ದರೆ ಆಶ್ಚರ್ಯವಿಲ್ಲ.

ಆ ಕಾಲದ ಬಿಷಪ್ಪರೆಂದರೆ ಬರಿಯ ಪೂಜೆ ನಡೆಸುವವರಲ್ಲ ಎಂಬುದಕ್ಕೆ ಎರ್ಮೆಂಗೋಲ್ ಸಾಕ್ಷಿ. 1010ರಿಂದ 1035ರವರೆಗೆ ಪೀಠದಲ್ಲಿದ್ದ ಅವರು ಕ್ಯಾಥೆಡ್ರಲ್ಲಿನ ಪಾದ್ರಿಗಳಿಗೆ ಕಟ್ಟುನಿಟ್ಟಿನ ಸಾಮುದಾಯಿಕ ಜೀವನ ವಿಧಿಸಿದರು, ಮುಸ್ಲಿಮರ ವಶದಲ್ಲಿದ್ದ ಗಿಸೋನಾ ಪಟ್ಟಣವನ್ನು ಗೆದ್ದರು, ಸೆಗ್ರೆ ನದಿಗೆ ಸೇತುವೆ ಕಟ್ಟಿಸಿದರು. ಬಾರ್ ಎಂಬಲ್ಲಿ ಕಟ್ಟುತ್ತಿದ್ದ ಸೇತುವೆಯ ಮೇಲಿಂದಲೇ ಜಾರಿ ಬಿದ್ದು ಸತ್ತರು. ಜನ ಅವರನ್ನು ಸಂತರೆಂದರು. ಅವರ ಹೆಸರಿನ ಸಂತೆ ಅಕ್ಟೋಬರಿನಲ್ಲಿ ಈಗಲೂ ಸೇರುತ್ತದೆ. ಪಿರೆನೀಸ್‌ನ ಹಟ್ಟಿಹಟ್ಟಿಗಳಲ್ಲಿ ತಯಾರಾದ ಚೀಸ್ ಅಲ್ಲಿಗೆ ಬರುತ್ತದೆ. ಸೇತುವೆ ಕಾಮಗಾರಿಯಲ್ಲಿ ಸತ್ತ ಬಿಷಪ್ ಸಂತೆಯ ಸಂತರಾದದ್ದು ತಕ್ಕದ್ದೇ. ಸೇತುವೆಯಿಲ್ಲದೆ ಸಂತೆ ಎಲ್ಲಿಂದ?

ಕಣಿವೆಯನ್ನು ಪಡೆದದ್ದಾಯಿತು, ಕಾಯುವವರು ಬೇಕಲ್ಲ. ಬಿಷಪ್ಪರು ಹತ್ತಿರದ ಕಬುಯೆಟ್ ಮನೆತನದ ಪಾಳೆಯಗಾರರಿಗೆ ಅಂಡೋರಾದ ರಕ್ಷಣೆಯನ್ನು ವಹಿಸಿದರು. ಎಡವಟ್ಟು ಶುರುವಾದದ್ದು ಅಲ್ಲಿ. ಕಬುಯೆಟ್ ಮನೆತನದ ಹೆಣ್ಣು ಕಾಸ್ಟೆಲ್‌ಬೊದ ಆರ್ನಾವ್‌ನನ್ನು ಮದುವೆಯಾದಳು. ಅವರ ಮಗಳು ಎರ್ಮೆಸೆಂದಾ 1208ರಲ್ಲಿ ಪರ್ವತದಾಚೆಯ ಫ್ವಾ ಸಂಸ್ಥಾನದ ವಾರಸುದಾರನ ಕೈಹಿಡಿದಳು. ಹೀಗೆ ಎರಡು ಮದುವೆಗಳಲ್ಲಿ ಬಿಷಪ್ಪರ ಕಣಿವೆಯ ಕಾವಲು ಹಕ್ಕು ಬಳುವಳಿಯಾಗಿ ಹೋಗಿ, ಬಿಷಪ್ಪರಿಗಿಂತ ಎಷ್ಟೋ ಬಲಶಾಲಿಯಾದ ಫ್ವಾ ಕೌಂಟನ ಮನೆ ಸೇರಿತು.

ಮದುವೆಗೂ ಮೊದಲೇ ಫ್ವಾ ಮತ್ತು ಕಾಸ್ಟೆಲ್‌ಬೊ ಸೇರಿಕೊಂಡು 12ನೇ ಶತಮಾನದ ಕೊನೆಯಲ್ಲಿ ಲಾ ಸೆವು ಮೇಲೆ ದಾಳಿಯಿಟ್ಟು ಕ್ಯಾಥೆಡ್ರಲ್ಲನ್ನು ಕೊಳ್ಳೆ ಹೊಡೆದಿದ್ದರು. ಆಗ ಅಲ್ಲಿ ಕಟ್ಟಡದ ಕೆಲಸವೇ ನಡೆಯುತ್ತಿತ್ತು. 1175ರಲ್ಲಿ ರೈಮುಂಡಸ್ ಲಂಬಾರ್ಡಸ್ ಎಂಬ ಮೇಸ್ತ್ರಿಯ ಜೊತೆ ಮಾಡಿಕೊಂಡ ಕರಾರು ಇಂದಿಗೂ ಉಳಿದಿದೆ. ಅಂದಿನ ಆ ದಪ್ಪ ಗೋಡೆಯ ರೋಮನೆಸ್ಕ್ ಕಟ್ಟಡವೇ ಇಂದಿನ ಕ್ಯಾಥೆಡ್ರಲ್. ಕಾಸ್ಟೆಲ್‌ಬೊದವರ ಮೇಲೆ ಇನ್ನೊಂದು ಆಪಾದನೆಯೂ ಇತ್ತು: ಅವರು ದಕ್ಷಿಣ ಫ್ರಾನ್ಸಿನಲ್ಲಿ ಹಬ್ಬಿದ್ದ ಕ್ಯಾಥಾರ್ ಪಂಥದವರಿಗೆ ಆಸರೆ ಕೊಟ್ಟವರು. ತಂದೆ-ಮಗಳು ಇಬ್ಬರೂ ಸತ್ತು ದಶಕಗಳಾದ ಮೇಲೆ, 1269ರಲ್ಲಿ ಧರ್ಮವಿಚಾರಣಾ ನ್ಯಾಯಾಲಯ ಅವರನ್ನು ಪಾಷಂಡಿಗಳೆಂದು ಸಾರಿ, ಎಲುಬುಗಳನ್ನು ಅಗೆದು ತೆಗೆಯಲು ಅಪ್ಪಣೆ ಮಾಡಿತು.

ಇಷ್ಟು ವೈರವಿದ್ದವರ ನಡುವೆ ಆದದ್ದು 1278ರ ರಾಜಿ. ಆ ಸೆಪ್ಟೆಂಬರ್ 8ರಂದು ಬಿಷಪ್ ಪೆರೆ ದ ಉರ್ಚ್ ಮತ್ತು ಫ್ವಾ ಕೌಂಟ್ ಮೂರನೇ ರೊಜೆ-ಬರ್ನಾರ್ ‘ಪರಿಯಾಜೆ’ ಎಂಬ ಒಪ್ಪಂದಕ್ಕೆ ಬಂದರು. ಅಂಡೋರಾದ ಕಪ್ಪವನ್ನು ಒಂದು ವರ್ಷ ಒಬ್ಬರು, ಮರುವರ್ಷ ಇನ್ನೊಬ್ಬರು ತೆಗೆದುಕೊಳ್ಳುವುದು. ಇಬ್ಬರ ಕಡೆಯಿಂದಲೂ ಒಬ್ಬೊಬ್ಬ ಅಧಿಕಾರಿ ಕೂತು ನ್ಯಾಯ ಹೇಳುವುದು. ಯುದ್ಧಕ್ಕೆ ಆಳು ಕರೆಯುವ ಹಕ್ಕು ಇಬ್ಬರಿಗೂ. ಸೂಕ್ಷ್ಮವಾಗಿ ಓದಿದರೆ ಅಲ್ಲೂ ಸಮಪಾಲಿರಲಿಲ್ಲ: ಬಿಷಪ್ಪರ ವಸೂಲಿಗೆ 4,000 ಸೊಲಿಡಿ ನಾಣ್ಯಗಳ ಮಿತಿ ಹಾಕಿದ್ದರು, ಕೌಂಟನಿಗೆ ಮಿತಿಯೇ ಇರಲಿಲ್ಲ. ಹತ್ತು ವರ್ಷಗಳ ನಂತರ, 1288ರಲ್ಲಿ ಎರಡನೇ ಒಪ್ಪಂದ ಬಂತು. ಇಬ್ಬರ ಸಮ್ಮತಿಯಿಲ್ಲದೆ ಅಂಡೋರಾದಲ್ಲಿ ಯಾರೂ ಕೋಟೆ ಕಟ್ಟಕೂಡದು ಎಂದಾಯಿತು.

ಕಣಿವೆಯ ಮಟ್ಟಿಗೆ ಇದು ದೊಡ್ಡ ವರ. ಕೋಟೆಯಿಲ್ಲದ ನಾಡಿನಲ್ಲಿ ಪಾಳೆಯಗಾರ ಬೇರುಬಿಡಲಾರ. ಒಂದು ಒರೆಯಲ್ಲಿ ಎರಡು ಕತ್ತಿ ಇರಲಾರವು ಎನ್ನುತ್ತಾರೆ. ಅಂಡೋರಾದಲ್ಲಿ ಎರಡೂ ಒರೆಯಲ್ಲೇ ಇದ್ದವು, ಯಾವುದನ್ನೂ ಹೊರಗೆಳೆಯಲು ಇನ್ನೊಂದು ಬಿಡಲಿಲ್ಲ. ಒಡೆಯರಿಬ್ಬರೂ ದೂರದಲ್ಲಿ ಒಬ್ಬರ ಮೇಲೊಬ್ಬರು ಕಣ್ಣಿಟ್ಟಿರುವಾಗ ಜನ ತಮ್ಮ ವ್ಯವಹಾರ ತಾವೇ ನೋಡಿಕೊಳ್ಳತೊಡಗಿದರು. ಹುಲ್ಲುಗಾವಲು, ಕಾಡು, ನೀರು, ಗಡಿಕಲ್ಲು ಎಲ್ಲದಕ್ಕೂ ಪ್ಯಾರಿಷ್‌ಗಳ ಹಿರಿಯರು ಸಭೆ ಸೇರುತ್ತಿದ್ದರು. 1419ರಲ್ಲಿ ಅವರು ಅರ್ಜಿ ಹಿಡಿದು ಬಿಷಪ್ ಫ್ರಾನ್ಸೆಸ್ಕ್ ದ ತೋವಿಯಾ ಅವರ ಬಳಿಗೆ ಹೋಗಿ, ಇಡೀ ಕಣಿವೆಗೆ ಒಂದು ಶಾಶ್ವತ ಸಭೆ ಬೇಕೆಂದು ಕೇಳಿ ಪಡೆದರು. ಇಂದಿನ ಅಂಡೋರಾ ಸಂಸತ್ತಿನ ಬೇರು ಅದೇ. ಸಭೆ ಕೂಡುತ್ತಿದ್ದ ‘ಕಾಸಾ ದೆ ಲಾ ವಾಲ್’ ಎಂಬ ಹಳೆಯ ಮನೆಯಲ್ಲಿ ದಾಖಲೆಗಳ ಬೀರುವೊಂದಿದೆ. ಪ್ರತಿ ಪ್ಯಾರಿಷ್‌ಗೂ ಒಂದೊಂದರಂತೆ ಅದಕ್ಕೆ ಬೀಗಗಳು. ಎಲ್ಲರೂ ಕೀಲಿಕೈ ತಂದರಷ್ಟೇ ತೆರೆಯುತ್ತಿತ್ತು. ಬಿಷಪ್ಪರಿಗೂ ಕೌಂಟನಿಗೂ ಅದರಲ್ಲಿ ಕೀಲಿಯಿರಲಿಲ್ಲ ಎಂಬುದು ಗಮನಿಸಬೇಕಾದ ಸಂಗತಿ.

1748ರಲ್ಲಿ ಆಂತೋನಿ ಫಿತೆರ್ ಇ ರೊಸೆಲ್ ಎಂಬ ವಕೀಲರು ಈ ಎಲ್ಲ ಹಕ್ಕು, ವಾಡಿಕೆ, ಸನದುಗಳನ್ನು ‘ಮಾನುವಲ್ ಡೈಜೆಸ್ಟ್’ ಎಂಬ ಗ್ರಂಥದಲ್ಲಿ ಒಟ್ಟುಗೂಡಿಸಿದರು. ಅದರಲ್ಲಿ ಆಡಳಿತಗಾರರಿಗೆಂದು ನೀತಿಸೂತ್ರಗಳೂ ಇವೆ, ಇಬ್ಬರು ಒಡೆಯರೊಂದಿಗೆ ಹದವಾಗಿ ನಡೆದುಕೊಳ್ಳುವ ಜಾಣತನ ಅವುಗಳ ಜೀವಾಳ.

ಅಷ್ಟರಲ್ಲಾಗಲೇ ಇತ್ತ ಉರ್ಜೆಲ್ ಧರ್ಮಪ್ರಾಂತ್ಯ ಕುಗ್ಗಿತ್ತು. 1593ರಲ್ಲಿ ಸೊಲ್ಸೋನಾ ಎಂಬ ಹೊಸ ಧರ್ಮಪ್ರಾಂತ್ಯ ಹುಟ್ಟಿದಾಗ ದಕ್ಷಿಣದ ಸಾಕಷ್ಟು ಭಾಗ ಕೈಬಿಟ್ಟುಹೋಯಿತು. ಅತ್ತ ಫ್ವಾ ಮನೆತನ ಮಾತ್ರ ಮದುವೆಯಿಂದ ಮದುವೆಗೆ ಮೇಲೇರುತ್ತಲೇ ಹೋಯಿತು. ಅದರ ಹಕ್ಕುಗಳು ನವಾರ್ ರಾಜಮನೆತನಕ್ಕೆ ಸಂದವು. ಆ ಮನೆತನದ ರಾಣಿ ಜಾನ್ ದಾಲ್‌ಬ್ರೆ ಕಟ್ಟಾ ಪ್ರಾಟೆಸ್ಟೆಂಟ್; ಕ್ಯಾಥೊಲಿಕ್ ಬಿಷಪ್ಪರಿಗೆ ಮತ್ತೊಮ್ಮೆ ‘ಪಾಷಂಡಿ’ ಪಾಲುದಾರಳು. ಅವಳ ಮಗ 1589ರಲ್ಲಿ ನಾಲ್ಕನೇ ಹೆನ್ರಿಯಾಗಿ ಫ್ರಾನ್ಸಿನ ಸಿಂಹಾಸನವೇರಿದ. 1607ರಲ್ಲಿ ಅಂಡೋರಾದ ಪಾಲು ಫ್ರಾನ್ಸಿನ ಕಿರೀಟಕ್ಕೇ ಸೇರಿತು.

ಫ್ರಾನ್ಸಿನ ಕ್ರಾಂತಿಯ ಹೊತ್ತಿಗೆ ನಡೆದದ್ದು ಈ ಇಡೀ ಕಥೆಯ ತಿರುಳು. 1793ರಲ್ಲಿ ಕ್ರಾಂತಿಕಾರಿ ಸರ್ಕಾರ ಅಂಡೋರಾದ ಕಪ್ಪವನ್ನು ಮುಟ್ಟಲಿಲ್ಲ. ಊಳಿಗಮಾನ್ಯ ಕಾಲದ ಕೊಳಕು ತಮಗೆ ಬೇಡವೆಂದಿತು. ಇಬ್ಬರಲ್ಲಿ ಒಬ್ಬ ಒಡೆಯ ತಾನಾಗಿಯೇ ಬಿಟ್ಟು ಹೋದದ್ದಕ್ಕೆ ಬೇರೆ ಯಾರಾದರೂ ಹಬ್ಬ ಮಾಡುತ್ತಿದ್ದರೇನೋ. ಅಂಡೋರಾದವರಿಗೆ ಚಿಂತೆ ಹತ್ತಿತು. ಫ್ರಾನ್ಸ್ ಇಲ್ಲವೆಂದರೆ ಉಳಿಯುವುದು ಬಿಷಪ್ ಒಬ್ಬರೇ, ಅವರ ಬೆನ್ನಿಗೆ ಸ್ಪೇನ್. ನಮ್ಮ ಕಪ್ಪವನ್ನು ದಯವಿಟ್ಟು ಸ್ವೀಕರಿಸಿ ಎಂದು ನೆಪೋಲಿಯನ್‌ಗೆ ಬೇಡಿಕೆ ಹೋಯಿತು. 1806ರಲ್ಲಿ ಅವನು ಒಪ್ಪಿದ.

19ನೇ ಶತಮಾನದ ಉರ್ಜೆಲ್ ಬಿಷಪ್ಪರಲ್ಲಿ ಜೊಸೆಪ್ ಕೈಶಾಲ್ ಒಂದು ಒಗಟು. ಸ್ಪೇನಿನಲ್ಲಿ ಅವರು ಅತಿ ಸಂಪ್ರದಾಯವಾದಿ, ಸ್ಪೇನಿನ ಸಿಂಹಾಸನಕ್ಕೆ ಬೇರೊಬ್ಬ ಹಕ್ಕುದಾರನನ್ನು ತರಲು ಹೊರಟಿದ್ದ ಕಾರ್ಲಿಸ್ಟ್ ಬಂಡಾಯದ ಬಹಿರಂಗ ಬೆಂಬಲಿಗ. 1875ರಲ್ಲಿ ಸರ್ಕಾರಿ ಪಡೆಗಳು ಲಾ ಸೆವು ಕೋಟೆಯನ್ನು ಹಿಡಿದಾಗ ಸೆರೆಯಾದರು; 1879ರಲ್ಲಿ ರೋಮಿನಲ್ಲಿ ದೇಶಭ್ರಷ್ಟರಾಗಿಯೇ ಸತ್ತರು. ಇದೇ ಕೈಶಾಲ್ 1866ರಲ್ಲಿ ಅಂಡೋರಾದ ‘ಹೊಸ ಸುಧಾರಣೆ’ಗೆ ಅಂಕಿತ ಹಾಕಿದವರು. ಅಲ್ಲಿಯವರೆಗೆ ಕೆಲವೇ ಸಿರಿವಂತ ಮನೆತನಗಳ ಕೈಯಲ್ಲಿದ್ದ ಸಭೆಗೆ ಎಲ್ಲ ಮನೆಯ ಯಜಮಾನರೂ ಮತ ಹಾಕುವಂತಾಯಿತು. ಎಲ್ಲ ಗಂಡಸರಿಗೂ ಮತ ಸಿಕ್ಕಿದ್ದು ಮಾತ್ರ 1933ರಲ್ಲಿ, ಜಲವಿದ್ಯುತ್ ಯೋಜನೆಯ ಗಲಾಟೆ, ಯುವಕರ ಮುತ್ತಿಗೆ, ಫ್ರೆಂಚ್ ಪೊಲೀಸರ ಪ್ರವೇಶ ಇವೆಲ್ಲ ಆದ ಮೇಲೆ. ಹೆಂಗಸರು 1970ರವರೆಗೆ ಕಾಯಬೇಕಾಯಿತು.

1933ರ ಗಲಾಟೆ ತಣ್ಣಗಾಗುವಷ್ಟರಲ್ಲಿ ಬೋರಿಸ್ ಸ್ಕೊಸಿರೆಫ್ ಬಂದ. ಲಿಥುವೇನಿಯಾದ ವಿಲ್ನಿಯಸ್‌ನಲ್ಲಿ ಹುಟ್ಟಿದ ರಷ್ಯನ್, ಒಂದು ಕಣ್ಣಿಗೆ ಗಾಜು ಸಿಕ್ಕಿಸಿಕೊಂಡ ಠಾಕುಠೀಕಿನ ಆಸಾಮಿ, ಎರಡು ಮೂರು ದೇಶಗಳ ಪೊಲೀಸರಿಗೆ ಪರಿಚಿತ. ಅಂಡೋರಾದಿಂದ ಹೊರಹಾಕಿದ ಮೇಲೆ ಲಾ ಸೆವು ಊರಿನ ಹೋಟೆಲೊಂದರಲ್ಲಿ ಬೀಡುಬಿಟ್ಟು, 1934ರ ಜುಲೈನಲ್ಲಿ ತಾನೇ ಅಂಡೋರಾದ ದೊರೆ ಒಂದನೇ ಬೋರಿಸ್ ಎಂದು ಘೋಷಿಸಿಕೊಂಡ. ಪತ್ರಕರ್ತರಿಗೆ ಸಂದರ್ಶನ ಕೊಟ್ಟ. ಬಿಷಪ್ ಜುಸ್ತಿ ಗಿತಾರ್ಟ್ ವಿರುದ್ಧ ಯುದ್ಧ ಸಾರಿದನೆಂದೂ ಸುದ್ದಿಯಾಯಿತು. ಬಿಷಪ್ಪರ ಅರಮನೆ ಅವನ ಹೋಟೆಲಿನಿಂದ ಕಾಲ್ನಡಿಗೆಯ ದೂರ. ಜುಲೈ 20ರ ಹೊತ್ತಿಗೆ ಸ್ಪೇನಿನ ಸಿವಿಲ್ ಗಾರ್ಡ್ ಪೊಲೀಸರು ಬಂದು ‘ದೊರೆ’ಯನ್ನು ಹಿಡಿದುಕೊಂಡು ಬಾರ್ಸಿಲೋನಾಕ್ಕೆ, ಅಲ್ಲಿಂದ ಮ್ಯಾಡ್ರಿಡ್ಡಿಗೆ ಸಾಗಿಸಿದರು. ಪ್ರಹಸನವೇ ಸರಿ. ಆದರೂ ಏಳು ಶತಮಾನಗಳಲ್ಲಿ ಆ ಜೋಡಿ ಒಡೆತನಕ್ಕೆ ಹೊರಗಿನಿಂದ ಬಂದ ಸವಾಲುಗಳ ಪಟ್ಟಿ ಮಾಡಿದರೆ ಬೋರಿಸ್ ಹೆಸರು ಬಿಡುವಂತಿಲ್ಲ, ಪಟ್ಟಿ ಅಷ್ಟು ಚಿಕ್ಕದು.

ಎರಡೇ ವರ್ಷಕ್ಕೆ ನಗು ಬತ್ತಿತು. 1936ರ ಜುಲೈಯಲ್ಲಿ ಸ್ಪೇನಿನ ಅಂತರ್ಯುದ್ಧ ಶುರುವಾದಾಗ ಲಾ ಸೆವು ಅರಾಜಕತಾವಾದಿ ಪಡೆಗಳ ಕೈಗೆ ಬಂತು. ಧರ್ಮಪ್ರಾಂತ್ಯದ ನೂರಕ್ಕೂ ಹೆಚ್ಚು ಪಾದ್ರಿಗಳು ಕೊಲೆಯಾದರು. ಅವರಲ್ಲಿ ಜೊಸೆಪ್ ತಾಪಿಯೆಸ್ ಮತ್ತು ಆರು ಸಂಗಾತಿಗಳನ್ನು ಆಗಸ್ಟ್ 13ರಂದು ಸಲಾಸ್ ಎಂಬ ಹಳ್ಳಿಯ ಸ್ಮಶಾನದ ಬಳಿ ಗುಂಡಿಟ್ಟು ಕೊಂದರು. 2005ರಲ್ಲಿ ಧರ್ಮಸಭೆ ಈ ಏಳೂ ಮಂದಿಯನ್ನು ‘ಪುನೀತ’ರ ಸಾಲಿಗೆ ಸೇರಿಸಿತು. ಗಡಿಯಾಚೆ ಅಂಡೋರಾದಲ್ಲಿ ಇದೇ ಧರ್ಮಪ್ರಾಂತ್ಯದ ಚರ್ಚುಗಳು ಸುಟ್ಟುಹೋಗಲಿಲ್ಲ. ಅಲ್ಲಿ ಇನ್ನೊಬ್ಬ ಒಡೆಯ ಕಳಿಸಿದ ಫ್ರೆಂಚ್ ಪೊಲೀಸರು ಕಾವಲಿದ್ದರು.

ಪೀಠದ ಹಳೆಯ ಸಂಪತ್ತಿನಲ್ಲಿ ಸಾಕಷ್ಟು ಪಾಲು ಈಗ ಲಾ ಸೆವುನಲ್ಲಿಲ್ಲ. ಗೋಡೆಚಿತ್ರ, ಬಲಿಪೀಠದ ಚಿತ್ರಫಲಕಗಳನ್ನು ನೋಡಬೇಕೆಂದರೆ ಬಾರ್ಸಿಲೋನಾದ ರಾಷ್ಟ್ರೀಯ ಕಲಾ ಸಂಗ್ರಹಾಲಯಕ್ಕೆ ಹೋಗಬೇಕು. ಉಳಿದಿರುವ ರತ್ನವೆಂದರೆ ‘ಉರ್ಜೆಲ್ ಬಿಯಾಟಸ್’, ಬೈಬಲಿನ ಕೊನೆಯ ಗ್ರಂಥವಾದ ಪ್ರಕಟಣೆಗೆ ಬಿಯಾಟಸ್ ಎಂಬ ಸನ್ಯಾಸಿ ಬರೆದ ವ್ಯಾಖ್ಯಾನದ 10ನೇ ಶತಮಾನದ ಸಚಿತ್ರ ಹಸ್ತಪ್ರತಿ. 1996ರಲ್ಲಿ ಅದೂ ಕಳುವಾಗಿತ್ತು, ಮರುವರ್ಷ ಪೊಲೀಸರು ಪತ್ತೆಹಚ್ಚಿದರು.

ಈ ವ್ಯವಸ್ಥೆಗೆ ಇಂದಿನ ರೂಪ ಕೊಟ್ಟವರು 1971ರಿಂದ 2003ರವರೆಗೆ ಬಿಷಪ್ ಆಗಿದ್ದ ಜುವಾನ್ ಮಾರ್ತಿ ಅಲಾನಿಸ್. ಅವರು ಬಂದಾಗ ಸ್ಪೇನಿನಲ್ಲಿ ಬಿಷಪ್ಪರ ನೇಮಕದಲ್ಲಿ ಫ್ರಾಂಕೊನಿಗೂ ಮಾತಿತ್ತು. ಅಂದರೆ ಅಂಡೋರಾದ ಒಬ್ಬ ರಾಜ ಯಾರಾಗಬೇಕೆಂಬುದರಲ್ಲಿ ನೆರೆದೇಶದ ಸರ್ವಾಧಿಕಾರಿಯ ಕೈಯಿತ್ತು. ಮಾರ್ತಿ 1973ರಲ್ಲಿ ಫ್ರಾನ್ಸಿನ ಅಧ್ಯಕ್ಷ ಪಾಂಪಿಡು ಅವರನ್ನು ಕಾವೊರ್‌ನಲ್ಲಿ ಮುಖತಃ ಭೇಟಿಯಾದರು. ಒಂದೇ ದೇಶದ ಇಬ್ಬರು ಒಡೆಯರು ಎದುರುಬದುರು ಕೂತು ಮಾತಾಡಿ ಆಗಲೇ ಶತಮಾನಗಳಾಗಿದ್ದವು. 1980ರ ದಶಕದಲ್ಲಿ ಮಾರ್ತಿ ಹೆಸರಿನಲ್ಲಿ ‘ದಿನೆರ್’ ನಾಣ್ಯಗಳೂ ಹೊರಟವು. 1993ರ ಮಾರ್ಚ್ 14ರಂದು ಅಂಡೋರಾದ ಜನ ಮೊದಲ ಲಿಖಿತ ಸಂವಿಧಾನವನ್ನು ಜನಮತಗಣನೆಯಲ್ಲಿ ಒಪ್ಪಿದರು. ಮಾರ್ತಿ ಮತ್ತು ಆಗಿನ ಫ್ರಾನ್ಸಿನ ಅಧ್ಯಕ್ಷ ಮಿತೆರಾಂ ಸಹಿ ಹಾಕಿದರು. ಅಧಿಕಾರ ಪ್ರಜೆಗಳಿಗೆ ಬಂತು, ಕಪ್ಪ ನಿಂತಿತು, ಅದೇ ಜುಲೈಯಲ್ಲಿ ಅಂಡೋರಾ ವಿಶ್ವಸಂಸ್ಥೆ ಸೇರಿತು. ಸಹರಾಜರನ್ನು ಮಾತ್ರ ಜನ ತೆಗೆಯಲಿಲ್ಲ. ನೆಪೋಲಿಯನ್ ಕಾಲದ ಲೆಕ್ಕಾಚಾರ ಆಗಲೂ ಮರೆತಿರಲಿಲ್ಲ ಎಂದೇ ತೋರುತ್ತದೆ.

ಈಗ ಈ ರಾಜಪದವಿಗೆ ನಿವೃತ್ತಿ ವಯಸ್ಸೂ ಇದೆ. ಧರ್ಮಸಭೆಯ ಕಾನೂನಿನಂತೆ ಬಿಷಪ್ಪರು 75 ತುಂಬಿದಾಗ ರಾಜೀನಾಮೆ ಸಲ್ಲಿಸಬೇಕು. ಮಾರ್ತಿ ಅವರ ಉತ್ತರಾಧಿಕಾರಿ ಜುವಾನ್ ಎನ್ರಿಕ್ ವೀವೆಸ್ ಹಾಗೆಯೇ ಕೆಳಗಿಳಿದರು. 2025ರ ಮೇ 31ರಂದು ಜೊಸೆಪ್-ಯುಯೀಸ್ ಸೆರಾನೊ ಉರ್ಜೆಲ್ ಬಿಷಪ್ ಆದರು, ಅದೇ ಗಳಿಗೆಯಲ್ಲಿ ಸಹರಾಜರೂ ಆದರು. 1977ರಲ್ಲಿ ಹುಟ್ಟಿದ ಅವರು ವ್ಯಾಟಿಕನ್ ರಾಜತಾಂತ್ರಿಕ ಸೇವೆಯಲ್ಲಿ ಪಳಗಿದವರು.

ಆ ಪಳಗುವಿಕೆ ಬೇಕಾಗಿದೆ. ಅಂಡೋರಾದಲ್ಲಿ ಗರ್ಭಪಾತಕ್ಕೆ ಪೂರ್ಣ ನಿಷೇಧವಿದೆ, ಯುರೋಪಿನಲ್ಲಿ ಅಂಥ ದೇಶಗಳು ಬೆರಳೆಣಿಕೆಯಷ್ಟು. ಬಿಷಪ್ ಸಹಿ ಹಾಕಲು ಒಪ್ಪದ ಕಾನೂನಿಗೆ ಇನ್ನೊಬ್ಬ ಸಹರಾಜರ ಸಹಿಯೊಂದೇ ಸಾಕು ಎಂದು ಸಂವಿಧಾನದಲ್ಲಿ ದಾರಿಯಿದೆ. ಆದರೆ ಗರ್ಭಪಾತ ಕಾನೂನುಬದ್ಧವಾದರೆ ಬಿಷಪ್ ಸಹರಾಜ ಪದವಿಯನ್ನೇ ತ್ಯಜಿಸುವರೆಂಬ ಸೂಚನೆ ವೀವೆಸ್ ಕಾಲದಲ್ಲೇ ಹೊರಬಿದ್ದಿತ್ತು. ಹಾಗಾದರೆ 1278ರ ಲೆಕ್ಕದಲ್ಲಿ ಉಳಿಯುವುದು ಫ್ರಾನ್ಸ್ ಒಂದೇ. ಆದ್ದರಿಂದ ಸರ್ಕಾರ ವ್ಯಾಟಿಕನ್ ಜೊತೆ ಮಾತುಕತೆಗೆ ಕೂತಿದೆ: ಗರ್ಭಪಾತ ಮಾಡಿಸಿಕೊಂಡ ಹೆಣ್ಣನ್ನು ಅಪರಾಧಿಯೆಂದು ಪರಿಗಣಿಸದಿರುವುದು, ಆದರೆ ದೇಶದೊಳಗೆ ಆ ಸೌಲಭ್ಯ ಕೊಡದಿರುವುದು ಅದರ ಪ್ರಸ್ತಾಪ. ಮಹಿಳಾ ಸಂಘಟನೆಗಳಿಗೆ ಈ ನಡುದಾರಿ ಹಿಡಿಸಿಲ್ಲ. ವಿಶ್ವಸಂಸ್ಥೆಯ ಸಮಿತಿಯ ಮುಂದೆ ಈ ವಿಷಯ ಎತ್ತಿದ್ದಕ್ಕಾಗಿ ಸಂಘಟನೆಯೊಂದರ ಅಧ್ಯಕ್ಷೆ ದೇಶದ ಸಂಸ್ಥೆಗಳ ಗೌರವಕ್ಕೆ ಧಕ್ಕೆ ತಂದರೆಂದು ಮೊಕದ್ದಮೆ ಎದುರಿಸಬೇಕಾಯಿತು. 2024ರಲ್ಲಿ ನ್ಯಾಯಾಲಯ ಅವರನ್ನು ಖುಲಾಸೆಗೊಳಿಸಿತು. ಸದ್ಯಕ್ಕೆ ಅಂಡೋರಾದ ಹೆಂಗಸರು ಇಂಥ ಅಗತ್ಯ ಬಿದ್ದಾಗ ದಕ್ಷಿಣಕ್ಕೆ ಬಾರ್ಸಿಲೋನಾ ಕಡೆಗೋ ಉತ್ತರಕ್ಕೆ ಟುಲೂಸ್ ಕಡೆಗೋ ಗಡಿ ದಾಟಿ ಹೋಗುತ್ತಾರೆ.